ಮೂತಿಯ ಮುಂದೆ

ಜಾಕಿ ರಾಡಿನ ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ತಲೆಗೇ ಬೀಳಬೇಕಿತ್ತು. ಪೈಲಟ್ ಕೈ ಅಡ್ಡ ತಂದದ್ದರಿಂದ ಮುಂಗೈಯ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ಅವನು ಕೂಗಲಿಲ್ಲ. ಕೂಗಿದವನು ವಿಮಾನದ ಶೆಡ್ಡಿನ ಮೇಸ್ತ್ರಿ. ಕೈಯಲ್ಲಿದ್ದ ಗ್ರೀಸ್ ಡಬ್ಬಿ ಬಿಸಾಡಿ ಓಡಿಬಂದು, ಹೊಡೆಯುತ್ತಿದ್ದವನ ಸೊಂಟವನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡ.

"ಬಿಡಿ ಯಜಮಾನ್ರೇ, ಸತ್ತೇ ಹೋಗ್ತಾನೆ!"

"ಸಾಯ್ಲಿ ಅಂತಾನೇ ಬಂದಿರೋದು. ಮದುವೆಗೆ ಕರೆಯೋಕೆ ಬಂದಿದೀನಿ ಅಂದ್ಕೊಂಡ್ಯಾ?"

ಬಂದವನು ಲಾರಿ ಡ್ರೈವರ್. ಮೀಸೆ ಮೂಡಿದಾಗಿನಿಂದ ಲಾರಿ ಓಡಿಸುತ್ತಿದ್ದರೂ ಒಂದು ನಾಯಿಮರಿಯ ಮೇಲೂ ಗಾಲಿ ಹತ್ತಿಸಿದವನಲ್ಲ. ದೇವರನ್ನು ನೆನೆಯದೆ ಗಾಡಿಯ ಕೀ ತಿರುಗಿಸಿದವನೂ ಅಲ್ಲ. ಅವನ ಒಬ್ಬಳೇ ಮಗಳು ಇದೇ ಮೈದಾನದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಳು. "ನಿನ್ನ ಲಾರಿ ಮುಂದೆ ನನ್ನದು ಸೊಳ್ಳೆ ಕಣಪ್ಪಾ. ಹಾರನ್ ಕೂಡ ಇಲ್ಲ" ಎಂದು ನಗುತ್ತಿದ್ದಳು.

ಹೋದ ತಿಂಗಳು ಅವಳ ಪುಟ್ಟ ಹಳದಿ ವಿಮಾನ, ಹಾರುವ ಅಪ್ಪಣೆಗೆ ಕಾಯುತ್ತ, ರನ್‌ವೇಗೆ ಹೋಗುವ ದಾರಿಯ ತುದಿಯಲ್ಲಿ ನಿಂತಿತ್ತು. ಹೊಲಗಳಿಗೆ ಔಷಧಿ ಸಿಂಪಡಿಸುವ ದೊಡ್ಡ ವಿಮಾನವೊಂದು ಹಿಂದಿನಿಂದ ಬಂದು ಅದರ ಮೇಲೆ ಹತ್ತಿತು. ನೆಲದ ಮೇಲೆ, ಎತ್ತಿನ ಗಾಡಿಗಿಂತ ತುಸು ಜೋರಾಗಿ, ಅಷ್ಟೆ. ಆದರೆ ಗಿರಗಿರನೆ ತಿರುಗುವ ಪ್ರೊಪೆಲ್ಲರಿಗೆ ನಿಧಾನವೆಂಬುದು ಎಲ್ಲಿಯದು? ಬಾಲವನ್ನು ಕಬ್ಬಿನ ಜಲ್ಲೆಯಂತೆ ತರಿಯಿತು, ಬೆನ್ನನ್ನು ತರಿಯಿತು, ಕೂರುವ ಆಸನದ ಕಬ್ಬಿಣ ಹಲ್ಲಿಗೆ ಸಿಕ್ಕಿದ ಮೇಲೆ ನಿಂತಿತು. ದೇಹ ತಂದುಕೊಟ್ಟವರು, ಸುತ್ತಿದ ಬಟ್ಟೆ ಬಿಚ್ಚಬೇಡಿ ಎಂದಿದ್ದರು. ತಾಯಿ ಬಿಚ್ಚಿದಳು. ಅಂದಿನಿಂದ ಆಕೆಯ ಬಾಯಿಂದ ಮಾತು ಹೊರಟಿಲ್ಲ.

ವಿಚಾರಣೆಯಲ್ಲಿ ಪೈಲಟ್ ಹೇಳಿದ್ದು, ಕಾಣಲಿಲ್ಲ ಎಂದು.

"ಹಾಡುಹಗಲು! ಹಳದಿ ಬಣ್ಣ! ಕಾಣ್ಲಿಲ್ವಂತೆ!" ಲಾರಿಯವನು ಮೇಸ್ತ್ರಿಯ ಹಿಡಿತದಲ್ಲೇ ಕಾಲು ಬೀಸಿ ಒದ್ದ. "ಹೆಣ ಕೆಡವಿದ ಪ್ರತಿಯೊಬ್ಬ ಡ್ರೈವರ್ರೂ ಇದನ್ನೇ ಹೇಳೋದು ಕಣೋ. ಕಣ್ಣನ್ನೇನು ಜೇಬಲ್ಲಿ ಇಟ್ಕೊಂಡಿದ್ಯಾ?"

ಪೈಲಟ್ ಮುರಿದ ಕೈಯನ್ನು ಎದೆಗೊತ್ತಿಕೊಂಡು ಎದ್ದ. "ಒಂದ್ಸಲ ಹತ್ತಿ ಕೂತು ನೋಡಿ. ಆಮೇಲೆ ಕೊಲ್ಲಿ. ನಾನೆಲ್ಲೂ ಓಡಿಹೋಗಲ್ಲ."

ಔಷಧಿ ಸಿಂಪಡಿಸುವ ಆ ವಿಮಾನ ಅಲ್ಲೇ ಇತ್ತು. ಬಾಲ ನೆಲಕ್ಕಿಟ್ಟು, ಉದ್ದನೆಯ ಮೂತಿಯನ್ನು ಆಕಾಶಕ್ಕೆತ್ತಿ, ಊಳಿಡುವ ನಾಯಿಯಂತೆ ಕೂತಿತ್ತು. ಲಾರಿಯವನು ಮೇಸ್ತ್ರಿಯ ಹಿಡಿತ ಕೊಡವಿ, ರಾಡನ್ನು ಕೈಯಿಂದ ಬಿಡದೆ ಹತ್ತಿದ.

"ಹೊಸ ಪ್ರೊಪೆಲ್ಲರ್ ಕೂರಿಸಿ ಬ್ಯಾಟರಿ ಕೊಟ್ಟಿದೀನಿ" ಎಂದು ಮೇಸ್ತ್ರಿ ಕೆಳಗಿನಿಂದ ಗೋಗರೆದ. "ಆ ಕೆಂಪು ಗುಂಡಿ ಒತ್ತಿದ್ರೆ ತಿರುಗಿಬಿಡುತ್ತೆ. ಮುಟ್ಬೇಡಿ, ನಿಮ್ಮ ದಮ್ಮಯ್ಯ."

ಆಸನದಲ್ಲಿ ಔಷಧಿಯ ಘಾಟು, ಹಳೆಯ ಬೆವರಿನ ವಾಸನೆ. ಲಾರಿಯವನು ಗಾಜಿನಾಚೆ ನೋಡಿದ. ಮೂತಿಯ ಕಬ್ಬಿಣವೇ ಒಂದು ಗೋಡೆ. ಗೋಡೆಯ ಮೇಲೆ ಒಂದು ಗೇಣು ಆಕಾಶ. ಕತ್ತು ಚಾಚಿದ. ಎದ್ದು ಕೂತ. ಅಷ್ಟೇ.

"ಎಲ್ಲಿದ್ದೀಯೋ?"

"ಇಲ್ಲೇ. ಮುಂದೆ." ದನಿ ಮಾತ್ರ ಬಂತು. "ನಿಮ್ಮ ಮಗಳ ವಿಮಾನ ಸಿಕ್ಕಿಕೊಂಡ ಜಾಗದಲ್ಲೇ, ಪ್ರೊಪೆಲ್ಲರ್ ಕೆಳಗೆ."

ಕಾಣುವುದಿಲ್ಲ, ಅದು ಸುಳ್ಳಲ್ಲ. ಆದರೆ ಕಾಣದ ಗಾಡಿಯನ್ನು ಯಾವನು ಓಡಿಸುತ್ತಾನೆ?

"ಮತ್ತೆ ಹೆಂಗೋ ಓಡಿಸ್ತೀರಿ ಇದನ್ನ?"

"ಹಾವಿನ ಥರ. ಮೂತಿನ ಆ ಕಡೆ ಈ ಕಡೆ ತಿರುಗಿಸ್ತಾ, ಪಕ್ಕದಿಂದ ಮುಂದೆ ನೋಡ್ಕೊಂಡು."

"ಅವತ್ತು ತಿರುಗಿಸಿದ್ಯಾ?"

ಶೆಡ್ಡಿನ ತಗಡು ಬಿಸಿಲಿಗೆ ಟಕ್ಕೆಂದಿತು. ಮೇಸ್ತ್ರಿ ನೆಲ ನೋಡಿದ.

"ಇಲ್ಲ" ಎಂದಿತು ಮೂತಿಯಾಚೆಯ ದನಿ. "ಬೆಳಗಿಂದ ಎಷ್ಟೋ ಸಲ ಹೋಗಿ ಬಂದಿದ್ದೆ, ದಾರಿ ಖಾಲಿ ಇತ್ತು. ಈಗಲೂ ಖಾಲಿನೇ ಅಂದ್ಕೊಂಡೆ. ನೇರ ಬಂದೆ. ವಿಚಾರಣೇಲಿ ಕೇಳಿದಾಗ, ತಿರುಗಿಸಿದ್ದೆ ಅಂತ ಸುಳ್ಳು ಹೇಳಿದೆ."

ಲಾರಿಯವನ ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು. ಯಾವಾಗ ಹೋಯಿತೋ ಅವನಿಗೇ ತಿಳಿಯದು. ಒಂದು ಒತ್ತು ಸಾಕು. ಮಗಳನ್ನು ತರಿದ ಹಾಗೆಯೇ ತರಿಯುತ್ತದೆ. ನಾಳೆ ಕೇಳಿದವರಿಗೆ ತಾನೂ ಹೇಳಬಹುದು: ಕಾಣಲಿಲ್ಲ ಸ್ವಾಮಿ, ನನಗೆ ಗೊತ್ತಿಲ್ಲದ ಗಾಡಿ. ಕೇಳಿದವರೆಲ್ಲ ನಂಬುತ್ತಾರೆ. ಒಬ್ಬನು ನಂಬುವುದಿಲ್ಲ. 'ತಂದೇ, ನೀನು ಎಲ್ಲಾ ನೋಡುವವನು' ಎಂದು ದಿನವೂ ಕೈಮುಗಿದದ್ದು ಯಾರಿಗೆ?

"ಪಕ್ಕಕ್ಕೆ ಬಾರೋ!" ಎಂದು ಕಿರುಚಿದ. "ಕಾಣೋ ಜಾಗಕ್ಕೆ ಬಾ!"

"ಒತ್ತಿ" ಎಂದಿತು ದನಿ. "ಕೈ ಅಲ್ಲೇ ಇದೆ ಅಂತ ಗೊತ್ತು. ಒತ್ತಿಬಿಡಿ."

ಲಾರಿಯವನು ಮೇಲಿನಿಂದ ಧುಮುಕಿದ. ಮಂಡಿ ತರಚಿತು. ಪ್ರೊಪೆಲ್ಲರಿನ ಅಲಗಿನ ಕೆಳಗಿನಿಂದ ಪೈಲಟ್‌ನ ಜುಟ್ಟು ಹಿಡಿದು ಹೊರಗೆ ದರದರನೆ ಎಳೆದ. "ನಿನ್ನ ಪಾಪ ನನ್ನ ಕೈಲಿ ತೊಳೆಸ್ಕೋತೀಯಾ, ಹಲ್ಕಾ ನನ್ಮಗನೇ!" ಎನ್ನುತ್ತ ಬರಿಗೈಯಲ್ಲಿ ಹೊಡೆದ. ಮುಖಕ್ಕೆ, ಎದೆಗೆ, ಸಿಕ್ಕಲ್ಲಿಗೆ. ಪೈಲಟ್‌ನ ತುಟಿ ಹರಿಯಿತು, ಹೊಡೆದವನ ಗೆಣ್ಣೂ ಹರಿಯಿತು. ಯಾರ ರಕ್ತ ಯಾರದೋ. ಈ ಸಲ ಮೇಸ್ತ್ರಿ ಬಿಡಿಸಲಿಲ್ಲ. ಕೈ ಸೋತು ತಾನಾಗಿಯೇ ಕೆಳಗೆ ಬಿದ್ದಾಗ ಲಾರಿಯವನು ಉಬ್ಬಸದಲ್ಲಿ ಕೇಳಿದ:

"ನಾಳೆ ವಿಚಾರಣೆಗೆ ಹೋಗಿ ಹೇಳ್ತೀಯಾ? ತಿರುಗಿಸ್ಲಿಲ್ಲ ಅಂತ?"

"ಹೇಳ್ತೀನಿ."

"ಅವಳಮ್ಮ ಅಲ್ಲಿ ಕೂತಿರ್ತಾಳೆ. ಅವಳ ಮುಖ ನೋಡ್ಕೊಂಡೇ ಹೇಳ್ಬೇಕು."

ಪೈಲಟ್ ತಲೆಯಾಡಿಸಿದ. ಬಾಯಿ ತೆರೆದರೆ ರಕ್ತ ಬರುತ್ತಿತ್ತು.

ಲಾರಿ ಶೆಡ್ಡಿನ ಹೊರಗೆ ಬಿಸಿಲಲ್ಲಿ ನಿಂತಿತ್ತು. ಲಾರಿಯವನು ಹತ್ತಿ ಕೂತ. ಕೀಗೆ ಕೈ ಹಾಕಿದವನು ಇಳಿದುಬಂದು ಲಾರಿಯ ಮುಂದೆ ನೋಡಿದ. ಯಾರೂ ಇರಲಿಲ್ಲ. ಮತ್ತೆ ಹತ್ತಿದ. ಮತ್ತೆ ಇಳಿದ. ಮೂರನೆಯ ಸಲ ಇಳಿದವನು ಬಂಪರ್ ಹಿಡಿದುಕೊಂಡು ನಿಂತೇಬಿಟ್ಟ.

ಮೇಸ್ತ್ರಿ ಕೈಯ ಗ್ರೀಸನ್ನು ಷರಟಿಗೆ ಒರೆಸಿಕೊಳ್ಳುತ್ತ ಬಂದ. "ಹತ್ತಿ ಯಜಮಾನ್ರೇ" ಎಂದ.

ಲಾರಿ ಗುರುಗುಟ್ಟಿತು. ಮೇಸ್ತ್ರಿ ಲಾರಿಯ ಮುಂದೆ ನಿಂತು ಒಂದು ಕೈ ಮೇಲೆತ್ತಿ, ಗಾಜಿನೊಳಗಿನ ಮುಖದಿಂದ ಕಣ್ಣು ಕೀಳದೆ, ಗೇಟಿನವರೆಗೂ ಹಿಂದುಹಿಂದಕ್ಕೆ ನಡೆದ.