ತೊಟ್ಟಿಲಿನ ಅಡಿಹಲಗೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು, ಹಾಲು ಉಕ್ಕಿತು. ಅವಳು ಒಲೆಯ ಮುಂದೆಯೇ ನಿಂತಿದ್ದಳು, ಪಾತ್ರೆಯನ್ನೇ ನೋಡುತ್ತಿದ್ದಳು, ಆದರೂ ಉಕ್ಕಿದ್ದು ಗೊತ್ತಾಗಲಿಲ್ಲ. ಅತ್ತೆ ಬಂದು ಒಲೆ ಆರಿಸಿ, ಬಟ್ಟೆ ತಂದು ಒರೆಸಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಗಂಡ ಹೋಗಿ ಹನ್ನೆರಡು ದಿನ. ಲಾರಿಯಿಂದ ಹಲಗೆ ಇಳಿಸುವಾಗ ಜಾರಿ ಬಿದ್ದವನು ಏಳಲಿಲ್ಲ. ಮಗಳಿಗೆ ಇಂದಿಗೆ ನಲವತ್ತು ದಿನ.

ನಡುಮನೆಯಲ್ಲಿ ಅವನೇ ಮಾಡಿದ ತೊಟ್ಟಿಲಿತ್ತು. ಅದರ ಅಡಿಹಲಗೆ ಮಾತ್ರ ಇನ್ನೂ ಬೋಳು. ಅವನು ಕೆಲಸಕ್ಕಿದ್ದ ಬಡಗಿ ಅಂಗಡಿಯ ಪದ್ಧತಿ ಅದು. ತೊಟ್ಟಿಲು ಮೊದಲು ಮನೆಗೆ ಹೋಗಬೇಕು, ಮಗು ಅದರಲ್ಲಿ ಒಂದು ತಿಂಗಳು ಮಲಗಬೇಕು. ಆಮೇಲೆ ಮನೆಯವರು ಅಡಿಹಲಗೆಯನ್ನು ಜಾರಿಸಿ ತೆಗೆದು ಅಂಗಡಿಗೆ ತರಬೇಕು, ಮಗು ಏನೇನು ಮಾಡುತ್ತದೆಂದು ಹೇಳಬೇಕು. ಅದನ್ನು ಕೇಳಿ ಮೇಸ್ತ್ರಿ ಒಂದು ಅಡ್ಡಹೆಸರು ಕೆತ್ತಿಕೊಡುತ್ತಿದ್ದರು. ಶಾಲೆಯ ಹೆಸರು ಮನೆಯವರದು, ಕೂಗುವ ಹೆಸರು ಹಲಗೆಯದು. ಆ ಬೀದಿಯಲ್ಲಿ ಅರ್ಧಕ್ಕರ್ಧ ಜನ ಇವತ್ತಿಗೂ ಹಲಗೆಯ ಹೆಸರಿಗೇ ಓಗೊಡುತ್ತಾರೆ. ಮುಷ್ಟಿ ಎಂಬಾಕೆ ಹುಟ್ಟಿದ ವಾರದಲ್ಲಿ ದಾದಿಯ ಬೆರಳು ಹಿಡಿದು ಬಿಟ್ಟಿರಲಿಲ್ಲ. ಈಗ ಬಸ್ಸು ಓಡಿಸುತ್ತಾಳೆ. ಈ ತೊಟ್ಟಿಲು ಮಾಡಿದವನು ಅಳಿಲು. ಎಳೆಗೂಸಾಗಿದ್ದಾಗ ಒಂದು ಗಳಿಗೆ ಕೈಕಾಲು ಸುಮ್ಮನಿಟ್ಟವನಲ್ಲವಂತೆ. ಮೂವತ್ತು ದಾಟಿದ ಮೇಲೂ ಅವನು ಎಲ್ಲರಿಗೂ ಅಳಿಲೇ.

ಅವಳು ಅವನನ್ನು ಕಂಡದ್ದೂ ಈ ಹೆಸರುಗಳ ದೆಸೆಯಿಂದಲೇ. ವಿಶ್ವವಿದ್ಯಾಲಯದಲ್ಲಿ ಓದುವಾಗ ಅಡ್ಡಹೆಸರುಗಳ ಮೂಲ, ಅರ್ಥ ಎಲ್ಲ ಕಾರ್ಡುಗಳಲ್ಲಿ ಬರೆದುಕೊಂಡು ಮನೆಮನೆ ಅಲೆದಿದ್ದಳು. ಒಂದು ದಿನ ಅಂಗಡಿಗೂ ಬಂದಳು. ಅವನು ನಾಲ್ಕು ಕಾರ್ಡು ಓದಿ ವಾಪಸ್ ಕೊಟ್ಟ. "ಅರ್ಥ ಎಲ್ಲ ಇದೆ ರೀ, ಮಗು ಎಲ್ಲಿದೆ?" ಎಂದ. ಆ ಕೋಪದಲ್ಲೇ ಅವಳು ಮೂರು ಸಲ ಮತ್ತೆ ಹೋಗಿದ್ದಳು.

ಹತ್ತು ಗಂಟೆಗೆ ಕಡಲೆ ಬಂದ. ಏಳನೇ ತಿಂಗಳಿಗೇ ಹುಟ್ಟಿ ಅಂಗೈಯಲ್ಲಿ ಹಿಡಿಯುವಷ್ಟಿದ್ದನೆಂದು ಆ ಹೆಸರು. ಈಗ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಆಳು, ಅಂಗಡಿಯ ಲಾರಿ ಚಾಲಕ. ಅಳಿಲಿನ ಅಂಗಿ, ಊಟದ ಡಬ್ಬಿ ತಂದಿದ್ದ.

"ಅಂಗಡೀಲಿ ಎರಡು ಹಲಗೆ ಬಂದು ಕೂತಿವೆ ಅತ್ತಿಗೆ," ಎಂದ ನಿಂತಲ್ಲೇ. "ಹೆಸರಿನ ಉಳಿ ಇಲ್ಲ. ಕೇಳಬೇಡ ಅಂತ ಮೇಸ್ತ್ರಿ ಹೇಳಿದ್ದಾರೆ. ನಾನು ಕೇಳ್ತಾ ಇಲ್ಲ."

"ಗೊತ್ತಾಯ್ತು ಬಿಡು, ನೀನು ಕೇಳ್ತಾ ಇಲ್ಲ," ಎಂದರು ಅತ್ತೆ. "ಕೂತ್ಕೋ. ಮೆಲ್ಲಗೆ, ಅದು ಹಳೇ ಕುರ್ಚಿ."

ಉಳಿ ಕಿಟಕಿಯ ಬಳಿ ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು. ಸಣ್ಣ ಮೊನೆ, ಹಿಡಿಯಲ್ಲಿ ಮೇಸ್ತ್ರಿಯ ಹೆಬ್ಬೆರಳು ಸವೆಸಿದ ಗುಳಿ. ಅಂಗಡಿಯ ಹೊಸ್ತಿಲು ದಾಟದ ಉಳಿ ಅದು. "ನಿನ್ನ ಮಗೂದು ನೀನೇ ಕೆತ್ತು" ಎಂದು ಮೇಸ್ತ್ರಿ ಅವನೊಬ್ಬನಿಗೆ ಕೊಟ್ಟಿದ್ದರು. ಅವನು ದಿನಾ ಸಂಜೆ ತೊಟ್ಟಿಲ ಮುಂದೆ ಕೂತು ಮಗಳನ್ನು ನೋಡುತ್ತಿದ್ದ. "ಇನ್ನೂ ಹೇಳ್ತಿಲ್ಲ ಕಣೇ ಇವಳು," ಎಂದು ಏಳುತ್ತಿದ್ದ.

ಕಡಲೆ ಹೋದ ಮೇಲೆ ಅತ್ತೆ ಹಲಗೆಯನ್ನು ತಾವೇ ಜಾರಿಸಿ ತೆಗೆದು ಮೇಜಿನ ಮೇಲಿಟ್ಟರು.

"ಅಳಿಲು ಅಂತ ಕೆತ್ತಿಸಿಬಿಡು ಮಗಳೇ."

ಅವಳು ಹಲಗೆಯ ಅಂಚನ್ನು ಬೆರಳಿನಿಂದ ಸವರಿದಳು.

"ಮೂವತ್ತೆರಡು ವರ್ಷ ಕೂಗಿದ ಬಾಯಿ ಇದು. ಕೂಗಿದರೆ ಒಬ್ಬರಾದರೂ ತಿರುಗಿ ನೋಡಬೇಡವಾ ಈ ಮನೇಲಿ?"

ಹನ್ನೆರಡು ದಿನದಿಂದ ಅವಳ ಒಳಗೆ ಏನೂ ಅಲುಗಿರಲಿಲ್ಲ. ಈಗ ಅಲುಗಿತು. ಹೂಂ ಎಂದರೆ ಅತ್ತೆಯ ಜೀವ ತಂಪಾಗುತ್ತದೆ. ಮಗಳು ಮಾತ್ರ ಬದುಕಿಡೀ ಇನ್ನೊಬ್ಬರ ಹೆಸರಿಗೆ ಓಗೊಡಬೇಕು.

"ಅಳಿಲು ಅಂದರೆ ಇವಳು ತಿರುಗ್ತಾಳೆ ಅತ್ತೆ," ಎಂದಳು. "ಅವರು ತಿರುಗಲ್ಲ."

ಅತ್ತೆ ಮುಖ ಆಚೆ ಮಾಡಿದರು. ಆಮೇಲೆ ಮಗುವನ್ನೆತ್ತಿ ತೊಡೆಯ ಮೇಲೆ ಹಾಕಿಕೊಂಡರು. ಮಗು ಅವರನ್ನು ನೋಡಿತು. ನೋಡುತ್ತಾ ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ಹಾಗೇ ನಿಲ್ಲಿಸಿತು.

"ಮತ್ತೆ ಶುರುವಾಯ್ತು," ಎಂದರು ಅತ್ತೆ, ಮೂಗೊರೆಸಿಕೊಳ್ಳುತ್ತಾ. "ನನ್ನ ಬೈತಲೆ ಸೊಟ್ಟಗಿದೆಯಾ ಅಂತ ನೋಡ್ತಿದ್ದಾಳೆ ನೋಡು! ಬೆಳಗಿಂದ ಕಿಟಕಿಗೂ ಇದೇ, ಕಡಲೆಗೂ ಇದೇ."

ಅವಳು ಬಗ್ಗಿ ನೋಡಿದಳು. ಹಲಗೆಯ ಅಂಚು ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವ ನೋಟ ಅದು. ಅಂಗಡಿಯಲ್ಲಿ ಹಾಗೆ ನೋಡಿ, ನೇರವಿಲ್ಲದ್ದನ್ನು ಪಕ್ಕಕ್ಕೆ ಎಸೆಯುವ ಅಧಿಕಾರ ಒಬ್ಬರಿಗೇ ಇತ್ತು.

"ಅತ್ತೆ, ಇವಳು ಮೇಸ್ತ್ರಿ."

ಅತ್ತೆ ಮಗುವನ್ನು ನೋಡಿದರು. ಮಗು ಕಣ್ಣು ಬದಲಿಸಿ ಇನ್ನೊಂದರಿಂದ ನೋಡಿತು. ಅತ್ತೆಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಅತ್ತರು.

"ಕೆತ್ತು ಮತ್ತೆ," ಎಂದರು. "ಕೊಟ್ಟುಕಳಿಸಬೇಡ. ಇದು ಮನೇಲೇ ಆಗಬೇಕು ಅಂದಿದ್ದ ಅವನು."

ಪೆನ್ನು ಹಿಡಿದ ಕೈ ಅವಳದು. ಮೊದಲ ಅಕ್ಷರ ಅತಿ ಆಳಕ್ಕಿಳಿಯಿತು, ಎರಡನೆಯದರಲ್ಲಿ ಉಳಿ ಜಾರಿ ಬೆರಳು ಕುಯ್ದಿತು. ಅತ್ತೆ ಬಟ್ಟೆ ಕಟ್ಟಿ, ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಹೆಸರು ಮೂಡಿತು. ಸಾಲು ಬಲಕ್ಕೆ ಇಳಿದಿತ್ತು, ಆದರೆ ಬೆರಳಾಡಿಸಿದರೆ ಓದಬಹುದಿತ್ತು. ಅತ್ತೆ ಕಣ್ಣು ಮುಚ್ಚಿ ಬೆರಳಾಡಿಸಿ ಓದಿದರು, ಆಮೇಲೆ ಕೂಗಿದರು. ಮಗು ತಿರುಗಿತೋ ಇಲ್ಲವೋ, ತಿರುಗಿತೆಂದೇ ಇಬ್ಬರೂ ಅಂದುಕೊಂಡರು.

ಸಂಜೆಗೆ ಮುಂಚೆ ಮಗುವನ್ನು ಎದೆಗೆ ಕಟ್ಟಿಕೊಂಡು, ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಉಳಿಯನ್ನು ಅದರ ಬಟ್ಟೆಯಲ್ಲಿ ಸುತ್ತಿ ಹಿಡಿದು ಅಂಗಡಿಗೆ ಹೋದಳು. ಗರಗಸದ ಸದ್ದು ನಿಂತಿತು. ಮೇಸ್ತ್ರಿ ಎದ್ದು ಬಂದರು. ಎಣ್ಣೆಬಟ್ಟೆ ಬಿಚ್ಚಿ ಮೊನೆಗೆ ಹೆಬ್ಬೆರಳು ತಾಗಿಸಿ ನೋಡಿದರು.

"ಮೊಂಡು ಮಾಡಿದ್ದೀಯಲ್ಲಮ್ಮಾ."

"ಹೌದು."

ಅವರು ಹಲಗೆ ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿದರು. ಓದಿದರು. ಇನ್ನೊಮ್ಮೆ ಓದಿದರು. ಆಗ ಅವಳ ಎದೆಯ ಮೇಲಿಂದ ಮಗುವೂ ಒಂದು ಕಣ್ಣು ಮುಚ್ಚಿ ಅವರನ್ನು ನೋಡಿತು.

"ಲೋ ಕಡಲೆ, ಬಾರೋ ಇಲ್ಲಿ!" ಎಂದು ಮೇಸ್ತ್ರಿ ಕೂಗಿದರು. "ನನಗೆ ಈ ಹೆಸರು ಬರೋಕೆ ಇಪ್ಪತ್ತು ವರ್ಷ ಹಿಡೀತು. ಈ ಪುಟಾಣಿ ನಲವತ್ತೇ ದಿನಕ್ಕೆ ಹೊಡಕೊಂಡು ಹೋದಳಲ್ಲೋ!"

"ಸಾಲು ಸೊಟ್ಟಗಿದೆ ಮೇಸ್ತ್ರಿ," ಎಂದ ಕಡಲೆ, ಹಲಗೆಯತ್ತ ಬಗ್ಗಿ.

"ನಿನ್ನ ಹಲಗೆ ನೋಡಿದ್ದೀಯೇನೋ? ಬಾಯಿ ಮುಚ್ಚು."

ಅವಳು ನಕ್ಕಳು. ಸದ್ದು ತನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಗೋಡೆಯ ಮೇಲೆ ಉಳಿಗಳ ಸಾಲಿನಲ್ಲಿ ಒಂದು ಗೂಡು ಖಾಲಿ ಇತ್ತು. ಮೇಸ್ತ್ರಿಯ ಕೈಯಿಂದ ಉಳಿಯನ್ನು ತೆಗೆದುಕೊಂಡು ಸಾಣೆಕಲ್ಲಿನ ಬಳಿ ಕೂತಳು. ಹೇಗೆ ಹಿಡಿಯಬೇಕೆಂದು ಕೇಳಿದಳು, ಅವರು ತೋರಿಸಿದರು. ಮೊನೆ ಮತ್ತೆ ಹರಿತವಾದ ಮೇಲೆ ಎದ್ದು, ಅದನ್ನು ಅದರ ಗೂಡಿನಲ್ಲಿ ತಾನೇ ಇಟ್ಟಳು.