ಮಲಗಿದ ಗೆರೆ

ವಿಸ್ಕಾನ್ಸಿನ್‌ನ ಆ ಚೀಸ್ ಕಾರ್ಖಾನೆಯ ಪ್ರಯೋಗಾಲಯಕ್ಕೆ ಎಲ್ಡನ್ ಬೂಟಿನ ಸಗಣಿಯನ್ನೂ ಒರೆಸದೆ ನುಗ್ಗಿದ. ಹನ್ನೊಂದು ವರ್ಷ ಅವನ ಜೊತೆ ಸಂಸಾರ ಮಾಡಿ ಬಿಟ್ಟುಬಂದಿದ್ದ ವರ್ನಾಗೆ ಅದೇನೂ ಹೊಸದಲ್ಲ.

ಅವನ ಹಸುಗಳ ಹಾಲು ಕೆಟ್ಟಿದೆ ಎಂದು ಮೂರು ಸಲ ಬರೆದವಳು, ಅಲ್ಲಿ ಹಾಲು ಪರೀಕ್ಷಿಸುವ ಅವಳೇ. ನಾಲ್ಕನೆಯ ಸಲವೂ ಕೆಟ್ಟರೆ ಕಾರ್ಖಾನೆ ಅವನ ಹಾಲು ಕೊಳ್ಳುವುದಿಲ್ಲ. ಅವಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವನು ಊರೆಲ್ಲ ಡಂಗುರ ಸಾರಿದ್ದ.

ಹಾಲಿನ ಕೊಳವೆಗಳನ್ನು ಬೆಚ್ಚಗಿಟ್ಟು ಯಂತ್ರ ಸಣ್ಣಗೆ ವಿದ್ಯುತ್ ಹಾಯಿಸುತ್ತದೆ. ಸೂಕ್ಷ್ಮಜೀವಿಗಳು ಹೆಚ್ಚಿದಂತೆ ವಿದ್ಯುತ್ ಸಲೀಸಾಗಿ ಹರಿದು, ಪರದೆಯ ಮೇಲಿನ ಗೆರೆ ಏಳುತ್ತದೆ. ಬೇಗ ಎದ್ದಷ್ಟೂ ಹಾಲು ಹೊಲಸು. ಎಲ್ಡನ್‌ನ ಗೆರೆ ನಿನ್ನೆ ಬೆಳಗಿನಿಂದ ಎದ್ದೇ ಇಲ್ಲ.

"ನೋಡೇ, ಕಣ್ಣುಬಿಟ್ಟು ನೋಡು! ಮಿಸುಕಾಡ್ತಾನೇ ಇಲ್ಲ. ಈಗ್ಯಾವ ಹುಳುಕು ಹುಡುಕ್ತೀಯ?"

"ಹಸಿ ಹಾಲು ಕಣೋ ಇದು. ಎಷ್ಟೇ ಚೊಕ್ಕಟವಾಗಿದ್ರೂ ಇಷ್ಟೊತ್ತಿಗೆ ಗೆರೆ ಏಳಲೇಬೇಕು. ಏನ್ ಸುರಿದಿದೀಯ ಒಳಗೆ?"

"ಶುರುವಾಯ್ತು ನಿನ್ನ ಹೊಟ್ಟೆಕಿಚ್ಚು."

ವರ್ನಾ ಚೀಸಿಗೆ ಹಾಕುವ ಹೆಪ್ಪಿನ ಶೀಶೆಯನ್ನು ಅವನ ಮುಂದೆ ಕುಕ್ಕಿದಳು. "ನಾನು ಮುಟ್ಟಲ್ಲ, ನೀನೇ ಹಾಕು. ನಿನ್ನ ಹಾಲಿಗಿಷ್ಟು, ನಿನ್ನ ಪಕ್ಕದ ತೋಟದವರ ಹಾಲಿಗಿಷ್ಟು. ಹೆಪ್ಪಲ್ಲಿರೋದೂ ಸೂಕ್ಷ್ಮಜೀವಿಗಳೇ, ಅವು ಬದುಕಿದ್ರೆ ಎರಡು ಗೆರೆನೂ ಏಳುತ್ತೆ. ಎದ್ರೆ ಈಗ್ಲೇ ಪಾಸು ಅಂತ ಬರೀತೀನಿ."

ಬೇಡ ಎಂದರೆ ಒಪ್ಪಿಕೊಂಡಂತೆ. ಅವನು ಹಲ್ಲು ಕಚ್ಚಿಕೊಂಡು ಹಾಕಿದ. ಇಬ್ಬರೂ ಎರಡು ಗಂಟೆ ಮುಖ ತಿರುಗಿಸಿಕೊಂಡು ಕೂತರು. ಅವಳು ತನಗೊಬ್ಬಳಿಗೇ ಕಾಫಿ ಬಗ್ಗಿಸಿಕೊಂಡಳು. ನೆರೆಯವರ ಗೆರೆ ಎದ್ದು ಪರದೆಯ ಅರ್ಧಕ್ಕೆ ಬಂತು. ಅವನದು ಮಲಗಿದಲ್ಲೇ ಮಲಗಿತ್ತು.

"ಗಾಯ ತೊಳಿಯೋ ಪೆರಾಕ್ಸೈಡು," ಎಂದ ಕೊನೆಗೆ, ನೆಲ ನೋಡುತ್ತ. "ಒಂದೇ ಕ್ಯಾನು. ಇದೊಂದ್ಸಲ ಬಿಟ್ಬಿಡು, ವರ್ನಾ."

"ಮಕ್ಕಳು ತಿನ್ನೋ ಚೀಸಿಗೆ?" ಅವಳು ಆಗಲೇ ಬರೆಯುತ್ತಿದ್ದಳು.

"ಇವತ್ತು ನಿಂಗೆ ಹಬ್ಬ, ಅಲ್ವಾ?"

"ಹೌದು," ಎಂದಳು. ಸುಳ್ಳಾಡಲಿಲ್ಲ. ಅವಳಿಗೆ ಖುಷಿಯೇ ಆಗಿತ್ತು, ನಾಚಿಕೆಯೂ ಆಗಲಿಲ್ಲ. ಸಹಿ ಹಾಕುವಾಗ ಮಾತ್ರ ಅವನ ಕೊಟ್ಟಿಗೆ ನೆನಪಾಯಿತು. ಹಾಲು ಕೊಳ್ಳುವವರಿಲ್ಲದಿದ್ದರೆ ಹಸುಗಳೂ ಉಳಿಯುವುದಿಲ್ಲ. ಹಿಮ ಬೀಳುತ್ತಿದ್ದ ದಿನ ತಾನೇ ಕೈಹಾಕಿ ಎಳೆದು ಹುಟ್ಟಿಸಿದ್ದ ಕರು, ಪರ್ಲ್, ಈಗ ಮುದಿ ಹಸು.

"ಪರ್ಲನ್ನ ನಂಗೆ ಕೊಡು. ಎಷ್ಟು ಕೇಳ್ತೀಯೋ ಅಷ್ಟು ಕೊಡ್ತೀನಿ."

ಎಲ್ಡನ್ ಬಾಗಿಲಲ್ಲಿ ನಿಂತು, ಬಂದಾಗಿನಿಂದ ಮೊದಲ ಸಲ ಅವಳ ಮುಖ ನೋಡಿ ನಕ್ಕ.

"ಅವಳನ್ನ ಮೊದಲು ಕಳಿಸ್ತೀನಿ ಕಣೇ, ಕಟುಕನ ಹತ್ರ."