ಭುಜ ಎತ್ತಿದರೆ ಸಾಕು

ಗಡಿಯಾರ ರಿಪೇರಿಯ ಮುದುಕರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗ, ಅವರಿಗೆ ಯಂತ್ರದ ತೋಳುಗವಸು ಮಾಡಿಕೊಟ್ಟವಳು ಈ ಇಂಜಿನಿಯರಮ್ಮ. ಭುಜ ಎತ್ತಿದರೆ ಸಾಕು, ಗವಸು ಬೆರಳು ಮಡಚಿ, ಮೊಣಕೈ ಎತ್ತಿ, ಚಮಚವನ್ನು ಬಾಯಿಗೆ ತರುತ್ತದೆ. ಆಗದಿದ್ದರೆ ಮನೆಯವರು ಒತ್ತಲಿ ಎಂದು ಬೆಂಕಿಪೊಟ್ಟಣದಷ್ಟು ರಿಮೋಟನ್ನೂ ಕೊಟ್ಟಿದ್ದಳು. ತಿಂಗಳು ತಿಂಗಳೂ ಮುದುಕರ ಹೆಂಡತಿ ಫೋನು ಮಾಡಿ, "ನಿಮ್ಮ ಅಂಕಲ್ ತಾವೇ ತಿಂತಾರಮ್ಮ, ನನ್ನ ಹತ್ರಾನೂ ಸೇರಿಸಲ್ಲ," ಎಂದು ನಗುತ್ತಿದ್ದರು. ಇವಳೂ ಹಿರಿಹಿರಿ ಹಿಗ್ಗುತ್ತಿದ್ದಳು. ಒಂದೇ ಒಂದು ದಿನ ಊಟದ ಹೊತ್ತಿಗೆ ಹೋಗಿ ನೋಡಬಾರದಿತ್ತೇ, ಪುಣ್ಯಾತ್ಗಿತ್ತಿ!

ಆ ಹೆಂಡತಿ ತೀರಿಕೊಂಡು ಮೂರು ವಾರ. ಅಂದಿನಿಂದ ಗವಸು ಕದಲಿಲ್ಲ. ಸುದ್ದಿ ತಿಳಿದು ಇಂಜಿನಿಯರಮ್ಮ ಅವರ ಮನೆಗೆ ಬಂದಳು.

"ಅವಳ ಹಿಂದೆ ಇದೂ ಹೋಯ್ತು ನೋಡಮ್ಮ," ಎಂದರು ಮುದುಕರು. "ಸೊಸೆ ತಿನ್ನಿಸ್ತಾಳೆ. ಬಾಯಿ ತೆರೆಯೋಕೇ ನಾಚಿಕೆ. ನನ್ನ ಕೈಲಿ ನಾನು ಉಣ್ಣೋ ಹಾಗೆ ಮಾಡು, ಇನ್ನೇನೂ ಬೇಡ."

"ರಿಮೋಟ್ ಎಲ್ಲಿ, ಅಂಕಲ್?"

"ಅದನ್ನ ನಿಮ್ಮ ಆಂಟಿ ಆಗಲೇ ಎಸೆದಳಂತೆ. ನಂಗ್ಯಾಕೆ ಅದು?"

ಅವಳು ಗವಸನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಎರಡು ವರ್ಷದ ದಾಖಲೆ ತೆಗೆದಳು. ಗವಸು ಎದ್ದದ್ದು ಸಾವಿರಾರು ಸಲ. ಭುಜದಿಂದ ಒಂದು ಸಲವೂ ಇಲ್ಲ, ಎಲ್ಲವೂ ರಿಮೋಟಿನಿಂದ. ಅವಳು ಪಟ್ಟಿಯ ಅಳತೆ ತೆರೆದು ನೋಡಿದಳು. ಭುಜದ ಅಲುಗಾಟ ಹಿಡಿಯುವ ಆ ಪಟ್ಟಿಯನ್ನು ತನ್ನ ಗಟ್ಟಿಮುಟ್ಟಾದ ಭುಜದ ಬಲಕ್ಕೆ ಹೊಂದಿಸಿ ಪರೀಕ್ಷಿಸಿ, ಮುದುಕರ ಸೋತ ಭುಜಕ್ಕೆ ಮತ್ತೆ ಹೊಂದಿಸದೆ ಹಾಗೇ ಕೊಟ್ಟುಬಿಟ್ಟಿದ್ದಳು.

"ಊಟದ ಹೊತ್ತಲ್ಲಿ ಆಂಟಿ ಎಲ್ಲಿ ಕೂತಿರ್ತಿದ್ರು?"

"ಎದುರಿಗೇ. ಒಂದು ಕೈ ಸದಾ ಸೆರಗಿನಡಿ. 'ಭುಜ ಎತ್ತಿ, ಮಹಾರಾಜರೇ' ಅನ್ನೋಳು. ಯಾಕೆ?"

ಮೊದಲ ದಿನವೇ ಗಂಡನ ಮುಖ ಬಾಡಿದ್ದನ್ನು ನೋಡಲಾರದೆ ಆಕೆ ರಿಮೋಟ್ ಒತ್ತಿರಬೇಕು, ಆಮೇಲೆ ನಿಲ್ಲಿಸಲಾಗಿಲ್ಲ. ಸುಳ್ಳು ಹೇಳಲು ಇವಳಿಗೆ ನಾಲಿಗೆ ಏಳಲಿಲ್ಲ. ತಪ್ಪು ತನ್ನದೆಂದು ಎಲ್ಲವನ್ನೂ ಹೇಳಿಬಿಟ್ಟಳು. ಪಟ್ಟಿ ಸರಿಪಡಿಸಲು ಹಿಡಿದದ್ದು ಹತ್ತೇ ನಿಮಿಷ.

"ಈಗ ಎತ್ತಿ, ಅಂಕಲ್."

ಭುಜ ಕೂದಲೆಳೆಯಷ್ಟು ಎದ್ದಿತು. ಬೆರಳುಗಳು ಚಮಚ ಹಿಡಿದವು, ಅನ್ನ ಬಾಯಿಯವರೆಗೂ ಬಂತು. ಅವರು ಬಾಯಿ ತೆರೆಯಲಿಲ್ಲ.

"ದೂರ ಕೂತ್ಕೋ ಅಂತ ಗದರ್ತಿದ್ದೆ ಅವಳನ್ನ," ಎಂದರು. "ನನ್ನ ಊಟ ನಾನು ಮಾಡ್ಕೋತೀನಿ, ನಿನ್ನ ಹಂಗು ಬೇಡ ಅಂತ. ಎರಡು ವರ್ಷ, ಮೂರು ಹೊತ್ತೂ. ತಿನ್ನಿಸ್ತಾ ಇದ್ದಿದ್ದು ಅವಳೇ."

ಚಮಚ ಹಿಡಿದ ಕೈ ಹಾಗೇ ಮೇಲೆದ್ದೇ ಇತ್ತು. ಮುದುಕರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.